ಒಂದು ಮೂಳೆ ಹೆಚ್ಚು

"ಇಳಿಸೇ, ಇಳಿಸೇ ಕೆಳಗೆ!" ಎಂದು ಕೂಗುತ್ತಲೇ ಬಂದ ಬುವಾ ಅತ್ತೆ ಪಿಕುನ್‌ಳ ಕೈಯಿಂದ ಫೋಟೊ ಕಿತ್ತುಕೊಂಡಳು. "ವ್ಯಾನಿನಿಂದ ಇಲ್ಲೀವರೆಗೂ ಹೊತ್ಕೊಂಡು ಬಂದ್ಯಾ? ನಿನ್ನ ಬೆನ್ನಿನ ಮೇಲೆ ನಿನಗೇ ಕರುಣೆ ಇಲ್ವಲ್ಲೇ."

"ಫೋಟೊ ಅತ್ತೆ ಅದು. ಭತ್ತದ ಮೂಟೆ ಅಲ್ಲ."

"ನಿಮ್ಮಪ್ಪ ಇದ್ದಿದ್ರೆ ಫೋಟೊನೂ ಮುಟ್ಟೋಕೆ ಬಿಡ್ತಿರಲಿಲ್ಲ."

ತೇಗದ ಚೌಕಟ್ಟು, ಗಾಜು ಎಲ್ಲ ಸೇರಿ ಮೂರು ಕಿಲೋ ತೂಗಿದರೆ ಹೆಚ್ಚು. ಎಪ್ಪತ್ತರ ಅತ್ತೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಬೌದ್ಧ ವಿಹಾರದ ಜಗಲಿ ಹತ್ತಿದಳು. ನಲವತ್ತೆಂಟರ ಪಿಕುನ್ ಬರಿಗೈಯಲ್ಲಿ ಹಿಂದೆ ನಡೆದಳು. ಕಪ್ಪು ರವಿಕೆಯ ಒಳಗೆ ಸೊಂಟಕ್ಕೆ ಬಿಗಿದ ಕ್ಯಾನ್ವಾಸ್ ಪಟ್ಟಿ ಎಂದಿನಂತೆ ಪಕ್ಕೆಗೆ ಒತ್ತುತ್ತಿತ್ತು.

ಅಪ್ಪ ಥವಿನ್ ತೀರಿಕೊಂಡು ಎರಡು ವರ್ಷ ಎರಡು ತಿಂಗಳಾಗಿತ್ತು. ಬದುಕಿರುವಾಗಲೇ ಅವನು ದೇಹವನ್ನು ನಗರದ ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟಿದ್ದ. ಹುಡುಗ ಹುಡುಗಿಯರು ಅದನ್ನು ಬಿಡಿಸಿ ಕಲಿತರು. ಕಲಿತು ಮುಗಿದ ಮೇಲೆ ಹೊಲಿದು, ಬಿಳಿ ಬಟ್ಟೆ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ದಹನಕ್ಕೆ ತಂದಿದ್ದರು. ಹಾಗೆ ಕೊಟ್ಟ ದೇಹವನ್ನು ಇಲ್ಲಿ ಯಾರೂ ಹೆಣ ಎನ್ನುವುದಿಲ್ಲ. ದೊಡ್ಡ ಮೇಷ್ಟ್ರು ಎನ್ನುತ್ತಾರೆ. ಪೆಟ್ಟಿಗೆಯ ಮೇಲೂ ಹಾಗೆಯೇ ಬರೆದಿತ್ತು: ದೊಡ್ಡ ಮೇಷ್ಟ್ರು ಥವಿನ್.

"ನಾಲ್ಕನೇ ಕ್ಲಾಸಲ್ಲಿ ಎರಡು ಸಲ ಫೇಲಾದೋನು ನಮ್ಮಣ್ಣ," ಬುವಾ ಅತ್ತೆ ಫೋಟೊವನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಸೆರಗಿನಂತೆ ಹೊದ್ದಿದ್ದ ಬಟ್ಟೆಯ ತುದಿಯಿಂದ ಗಾಜು ಒರೆಸಿದಳು. "ಸತ್ತ ಮೇಲೆ ಹೆಡ್‌ಮಾಸ್ಟರ್ ಆದ ನೋಡು."

"ಏನು ಪಾಠ ಹೇಳಿರ್ತಾನೆ?" ಪಕ್ಕದ ಮನೆಯ ಬುನ್ಮಾ ಗೋಡೆಗೊರಗಿ ಕೂತಿದ್ದ. ಎಂಬತ್ತು ತುಂಬಿದರೂ ನಾಲಗೆಗೆ ವಯಸ್ಸಾಗಿರಲಿಲ್ಲ. "ಹೆಂಡ್ತಿ ದುಡೀವಾಗ ಕೂತು ಉಣ್ಣೋದು ಹೇಗೆ ಅಂತಲಾ?"

ಒಂದಿಬ್ಬರು ನಕ್ಕರು. ಅಮ್ಮ ಲಮೈ ತಲೆ ಎತ್ತಿದಳು. ಎತ್ತಿದಳು ಎನ್ನುವುದಕ್ಕಿಂತ ಓರೆ ಮಾಡಿದಳು ಎನ್ನಬೇಕು. ಬೆನ್ನು ಬಾಗಿ ನೆಲಕ್ಕೆ ಸಮಾನಾಂತರವಾಗಿ ಏಳೆಂಟು ವರ್ಷವಾಗಿತ್ತು. ಯಾರ ಮುಖ ನೋಡಬೇಕಾದರೂ ಕೋಳಿಯ ಹಾಗೆ ಕತ್ತು ತಿರುಗಿಸಬೇಕು.

"ಹೊತ್ತೋಳು ನಾನು, ಬುನ್ಮಾ. ನಿನ್ನ ಹೆಗಲ ಮೇಲೇನಾದ್ರೂ ಕೂರಿಸಿದ್ನಾ ಅವನನ್ನ? ನಿನಗ್ಯಾಕೆ ನೋವು?"

ಬುನ್ಮಾ ಕೈ ಮುಗಿದುಬಿಟ್ಟ.

*

ನಲವತ್ತೈದು ವರ್ಷದ ಹಿಂದೆ, ಮೇಕಾಂಗ್ ದಂಡೆಯ ಅವರ ಊರಿನಿಂದ ಮೂವತ್ತೊಂದು ಗಂಡಸರು ಕಟ್ಟಡ ಕೆಲಸಕ್ಕೆಂದು ಸೌದಿಗೆ ಹೊರಟಿದ್ದರು. ಏಜೆಂಟ್ ಎಲ್ಲರನ್ನೂ ಲಾರಿಯಲ್ಲಿ ತುಂಬಿಕೊಂಡು ಪೇಟೆಯ ಕ್ಲಿನಿಕ್ಕಿಗೆ ಕರೆದೊಯ್ದ. ಎದೆಗೊಂದು, ಸೊಂಟಕ್ಕೊಂದು ಎಕ್ಸ್‌ರೇ. ಬುನ್ಮಾ ಸೇರಿ ಮೂವತ್ತು ಜನ ಪಾಸಾದರು. ಥವಿನ್‌ನ ಫಿಲ್ಮನ್ನು ಡಾಕ್ಟರು ಬೆಳಕಿಗೆ ಹಿಡಿದು ಎರಡು ಸಲ ಎಣಿಸಿದ.

"ಸೊಂಟದಲ್ಲಿ ಐದು ಮೂಳೆ ಇರಬೇಕು. ನಿನಗೆ ಆರಿದೆ."

"ಹೆಚ್ಚಿದ್ರೆ ಒಳ್ಳೇದಲ್ವಾ ಡಾಕ್ಟ್ರೇ?"

"ಹೆಚ್ಚಾದ್ದು ಒಳ್ಳೇದಾಗಿದ್ರೆ ಎಲ್ಲರಿಗೂ ಇರ್ತಿತ್ತು. ಇದು ಹುಟ್ಟಿನಿಂದ ಬಂದ ಊನ. ಭಾರ ಹೊತ್ತ ದಿನ ಬೆನ್ನು ಮುರಿಯುತ್ತೆ. ಆಮೇಲೆ ಸೊಂಟದ ಕೆಳಗೆ ಏನೂ ಆಡಲ್ಲ."

ಹಿಂದಿನ ದಿನವಷ್ಟೇ ಥವಿನ್ ಎಂಟು ಮೂಟೆ ಭತ್ತ ಗಾಡಿಗೆ ಏರಿಸಿದ್ದ. ಅದನ್ನು ಡಾಕ್ಟರು ಕೇಳಲಿಲ್ಲ, ಇವನೂ ಹೇಳಲಿಲ್ಲ. ಆಗ ಅವನಿಗೆ ಮೂವತ್ತಮೂರು.

ಮನೆಗೆ ಬಂದವನು ಮೂರು ದಿನ ಮಲಗಿದ. ನಾಲ್ಕನೆಯ ದಿನ ಎದ್ದು ನೀರಿನ ಡಬ್ಬ ಎತ್ತಲು ಹೋದಾಗ ಲಮೈ ಹಿತ್ತಲಿನಿಂದ ಕಿರುಚಿಕೊಂಡು ಬಂದಳು.

"ಮುಟ್ಟಬೇಡ! ನೀನು ಮಲಗಿಬಿಟ್ರೆ ನಿನ್ನನ್ನ ಹೊರಬೇಕಾದೋಳು ನಾನು. ಅದಕ್ಕಿಂತ ನೀರು ಹಗುರ."

ಅಂದಿನಿಂದ ನೀರು ಅವಳದು, ಸೌದೆ ಅವಳದು, ಗದ್ದೆಯೂ ಅವಳದು. ಬೆಳಗ್ಗೆ ಒತ್ತು ಶಾವಿಗೆ ಮಾಡಿ, ಹೆಗಲ ಅಡ್ಡೆಯ ಒಂದು ತುದಿಗೆ ಶಾವಿಗೆ ಬುಟ್ಟಿ, ಇನ್ನೊಂದು ತುದಿಗೆ ಮೀನು ಸಾರಿನ ಮಡಕೆ ತೂಗಿಸಿಕೊಂಡು ನಾಲ್ಕು ಊರು ಸುತ್ತುವಳು. ಥವಿನ್ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಲ್ಲಿ ಕೂತು ಅನ್ನದ ಬಿದಿರುಬುಟ್ಟಿ ಹೆಣೆದ. ಸೌದಿಗೆ ಹೋದವರು ಹಿಂತಿರುಗಿ ಸಿಮೆಂಟಿನ ಮನೆ ಕಟ್ಟಿದರು. ಕಟ್ಟುವಾಗ ಇಟ್ಟಿಗೆ ಹೊರಲು ಅವನನ್ನು ಯಾರೂ ಕರೆಯಲಿಲ್ಲ. ಊರಿನಲ್ಲಿ ಹೆಣ ಎತ್ತುವುದಕ್ಕೂ ಕರೆಯಲಿಲ್ಲ.

*

ಹತ್ತು ಗಂಟೆಗೆ ವಿದ್ಯಾರ್ಥಿಗಳು ಬಂದರು. ಬಿಳಿ ಕೋಟು ತೊಟ್ಟ ಎಂಟು ಮಂದಿ ಮಂಡಿಯೂರಿ, ಅಮ್ಮನ ಪಾದದ ಮುಂದೆ ನೆಲಕ್ಕೆ ಹಣೆ ಹಚ್ಚಿದರು. ಅಮ್ಮನಿಗೆ ಅವರ ನೆತ್ತಿಗಳು ಮಾತ್ರ ಕಂಡಿರಬೇಕು. ಒಂದೊಂದನ್ನೂ ಮುಟ್ಟಿದಳು.

"ಊಟ ಮಾಡ್ಕೊಂಡು ಬಂದ್ರೇನ್ರೋ ಮಕ್ಕಳಾ?"

"ಆಯ್ತಜ್ಜಿ."

"ಸುಳ್ಳು. ಹೊಟ್ಟೆ ಬೆನ್ನಿಗಂಟಿದೆ. ಪಿಕುನ್, ಅನ್ನದ ಬುಟ್ಟಿ ತರೋಕೆ ಹೇಳೇ ಯಾರಿಗಾದ್ರೂ. ನೀನು ಎತ್ತಬೇಡ."

ಎಲ್ಲರಿಗಿಂತ ಮುಂದಿದ್ದ ಹುಡುಗಿ ತಾನೇ ಎದ್ದಳು. ಪಿಕುನ್ ಮೊದಲು ನೋಡಿದ್ದು ಅವಳ ಮುಖವನ್ನಲ್ಲ, ಕೋಟಿನ ಎದೆಯ ಮೇಲಿನ ಹೆಸರನ್ನು. ಶಾಲೆಯ ಅಂಗಿಗಳ ಮೇಲೆ ಮಕ್ಕಳ ಹೆಸರು ಕಸೂತಿ ಹಾಕುವುದು ಅವಳ ಕಸುಬು; ಮೂವತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಮೆಷಿನ್. 'ನಿಚಾ' ಎಂದಿತ್ತು. ಕೊನೆಯ ಅಕ್ಷರದ ದಾರ ಬಿಟ್ಟುಕೊಂಡಿತ್ತು.

*

ಪಿಕುನ್‌ಗೆ ಹದಿನಾರಾಗಿದ್ದಾಗ ಸೈಕಲ್ಲಿನಿಂದ ಬಿದ್ದಳು. ಗಾಯವೇನಿರಲಿಲ್ಲ. ಆದರೂ ಅಪ್ಪ ಅದೇ ಕ್ಲಿನಿಕ್ಕಿಗೆ ಕರೆದೊಯ್ದ. ಅದೇ ಡಾಕ್ಟರು, ಕೂದಲು ನರೆತಿತ್ತು. ಫಿಲ್ಮನ್ನು ಬೆಳಕಿಗೆ ಹಿಡಿದು ಎಣಿಸಿದ. ಆರು.

ಅಪ್ಪ ಅತ್ತದ್ದನ್ನು ಅವಳು ಕಂಡದ್ದು ಅದೊಂದೇ ಸಲ. ಆ ಸಂಜೆಯೇ ಅವನು ಸೈಕಲ್ ಮಾರಿದ. ಕ್ಯಾನ್ವಾಸ್ ಪಟ್ಟಿ ಬಂತು. ಶಾಲೆಯ ಕುಣಿತದ ತಂಡದಿಂದ ಹೆಸರು ತೆಗೆಸಿದ್ದಾಯಿತು. ನಾಟಿಗೆ ಬಗ್ಗಬಾರದು, ಕೊಡ ಎತ್ತಬಾರದು, ಹಬ್ಬದಲ್ಲಿ ನೀರೆರಚುವ ಓಡಾಟಕ್ಕೆ ಹೋಗಬಾರದು. ಕೂತು ಮಾಡುವ ಕೆಲಸವೆಂದು ಕಸೂತಿ ಮೆಷಿನ್ ಬಂತು.

ಇಪ್ಪತ್ತಮೂರಕ್ಕೆ ಒಂದು ಸಂಬಂಧ ಬಂತು. ದೋಣಿ ಕಟ್ಟೆಯಲ್ಲಿ ಗುಮಾಸ್ತನಾಗಿದ್ದ ಪ್ರಯುನ್, ಎರಡು ವರ್ಷದಿಂದ ಗೊತ್ತಿದ್ದವನೇ. ಅವನ ತಾಯಿ ಮಾವಿನ ಬುಟ್ಟಿ ತಂದು ಮಾತಿಗೆ ಕೂತಳು. ಅಪ್ಪ ಮುಚ್ಚಿಡುವ ಮನುಷ್ಯನಲ್ಲ.

"ಹುಡುಗಿ ಬೆನ್ನಲ್ಲಿ ಒಂದು ಮೂಳೆ ಹೆಚ್ಚಿದೆ. ನನ್ನದೇ ದೋಷ. ಬಸುರಿನ ಭಾರ ತಡೆಯುತ್ತೋ ಇಲ್ವೋ ಹೇಳೋಕಾಗಲ್ಲ. ನಾಳೆ ನೀವು ನಮ್ಮನ್ನ ಬೈಕೋಬಾರದು."

ಅವರು ಬೈದುಕೊಳ್ಳಲಿಲ್ಲ. ಮಾವಿನಹಣ್ಣನ್ನೂ ವಾಪಸು ಒಯ್ಯಲಿಲ್ಲ. ಪ್ರಯುನ್‌ನ ಮೂರು ಮಕ್ಕಳ ಶಾಲೆಯ ಅಂಗಿಗಳಿಗೂ ಮುಂದೆ ಪಿಕುನ್‌ಳೇ ಹೆಸರು ಹಾಕಿದಳು.

*

ಅನ್ನದ ಬುಟ್ಟಿಗಳನ್ನು ವ್ಯಾನಿನಿಂದ ಇಳಿಸುವಾಗ ನಿಚಾ ಕೇಳಿದಳು: "ನಿಮಗೆ ಒಂದು ವಿಷಯ ಹೇಳಬಹುದಾ ಅಕ್ಕ? ಬೇಜಾರಿಲ್ದಿದ್ರೆ."

"ಹೇಳು. ನಿಮ್ಮ ಮೇಷ್ಟ್ರನ್ನ ಹೊಲಿದೋರು ಯಾರು, ನೀನೇನಾ?"

ಹುಡುಗಿ ಗಾಬರಿಯಾದಳು. "ನಾವೆಲ್ಲ ಸೇರಿ. ಬೆನ್ನು ನಾನು ಹೊಲಿದೆ."

"ಯಾವ ಹೊಲಿಗೆ?"

"ಸುತ್ತು ಹೊಲಿಗೆ. ಸ್ವಲ್ಪ ದೂರ ದೂರ ಬಿತ್ತು. ಅಳ್ತಾ ಇದ್ದೆ, ಸರಿಯಾಗಿ ಕಾಣ್ತಿರಲಿಲ್ಲ."

"ಇರಲಿ ಬಿಡು. ಎಳೆದಾಡೋ ಬಟ್ಟೆ ಅಲ್ವಲ್ಲ ಅದು." ಪಿಕುನ್‌ಗೆ ಅವಳ ಮೇಲೆ ಅಕ್ಕರೆ ಹುಟ್ಟಿತು. "ಏನು ವಿಷಯ?"

"ದೊಡ್ಡ ಮೇಷ್ಟ್ರ ಬೆನ್ನುಮೂಳೆಯಿಂದ ಇಡೀ ತರಗತಿ ಪಾಠ ಕಲೀತು ಅಕ್ಕ. ಪುಸ್ತಕದಲ್ಲಿ ಸೊಂಟಕ್ಕೆ ಐದು ಮೂಳೆ ಅಂತಿರುತ್ತೆ. ನಮ್ಮ ಮೇಜಲ್ಲಿ ಎಷ್ಟು ಸಲ ಎಣಿಸಿದ್ರೂ ಆರು. ತಪ್ಪು ಬಿಡಿಸಿದೀವಿ ಅಂತ ಹೆದರಿಬಿಟ್ವಿ. ಪ್ರೊಫೆಸರ್ ಬಂದು ನೋಡಿ, ಎಲ್ಲಾ ಮೇಜಿನೋರನ್ನೂ ಕರೆದ್ರು. 'ಬನ್ನಿ, ಪುಸ್ತಕಕ್ಕೂ ಮನುಷ್ಯರಿಗೂ ಇರೋ ವ್ಯತ್ಯಾಸ ಈ ಮೇಷ್ಟ್ರು ಕಲಿಸ್ತಾರೆ' ಅಂದ್ರು. ನೂರು ಜನರನ್ನ ಎಣಿಸಿದ್ರೆ ನಾಲ್ಕೈದು ಮಂದಿಗೆ ಹಾಗಿರುತ್ತಂತೆ. ಕೆಲವರಿಗೆ ನಾಲ್ಕೇ ಇರುತ್ತೆ. ಮೂಗು ಒಬ್ಬೊಬ್ಬರಿಗೆ ಒಂದೊಂದು ಥರ ಇರಲ್ವಾ, ಹಾಗೆ."

ಪಿಕುನ್ ಬುಟ್ಟಿಯ ಮುಚ್ಚಳದ ಮೇಲೆ ಕೈ ಇಟ್ಟಳು. "ಊನ ಅಲ್ವಾ ಅದು?"

"ಊನ ಯಾಕೆ? ಕೆಲವರಿಗೆ ಅದರಿಂದ ನೋವು ಬರಬಹುದು. ಬಹಳ ಜನಕ್ಕೆ ತಮಗೆ ಹಾಗಿದೆ ಅಂತ ಸಾಯೋವರೆಗೂ ಗೊತ್ತೇ ಆಗಲ್ಲ. ಮೇಷ್ಟ್ರ ಬೆನ್ನಂತೂ ನಮ್ಮ ಡಿಸೆಕ್ಷನ್ ಹಾಲ್‌ನಲ್ಲಿದ್ದ ಹದಿನೇಳು ಮೇಷ್ಟ್ರಲ್ಲೇ ಗಟ್ಟಿ."

"ಭಾರ ಹೊತ್ತರೆ?"

"ಎಲ್ಲರ ಹಾಗೇ ಅಕ್ಕ. ಮುರಿಯೋಕೆ ಅದೇನು ಒಣಕಟ್ಟಿಗೆನಾ?" ಹುಡುಗಿ ನಕ್ಕಳು. ನಕ್ಕವಳು ಪಿಕುನ್‌ಳ ಮುಖ ನೋಡಿ ನಿಲ್ಲಿಸಿದಳು.

"ನನಗೂ ಆರು," ಪಿಕುನ್ ಅಂದಳು. "ನಾನು ಮಗು ಹೆರಬಹುದಿತ್ತಾ?"

ನಿಚಾ ಸುತ್ತ ನೋಡಿದಳು. "ನಾನಿನ್ನೂ ಮೂರನೇ ವರ್ಷದೋಳು ಅಕ್ಕ. ಪ್ರೊಫೆಸರನ್ನ ಕರೀಲಾ?"

"ಬೇಡ. ಬೆನ್ನು ಬಿಡಿಸಿ ನೋಡಿದೋಳು ನೀನು. ನೀನೇ ಹೇಳು."

ಹುಡುಗಿಗೆ ತಾನು ಹೆಮ್ಮೆಯಿಂದ ಹೇಳಿದ್ದು ಏನೆಂದು ಆಗ ಅರ್ಥವಾಗತೊಡಗಿತು.

"ಹೆರಬಹುದಿತ್ತು," ಅಂದಳು.

*

ಹನ್ನೊಂದು ವರ್ಷದ ಹಿಂದೆ ಅಪ್ಪನಿಗೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಫಿಲ್ಮ್ ತೆಗೆದರು. ಡಾಕ್ಟರ ಕೋಣೆಗೆ ಅವನೊಬ್ಬನೇ ಹೋದ; ಪಿಕುನ್ ಹೊರಗೆ ಬೆಂಚಿನ ಮೇಲೆ ಕಾದಳು. ಹೊರಬಂದವನು, "ಕಲ್ಲು ಸಣ್ಣದು, ನೀರು ಕುಡಿದ್ರೆ ಹೋಗುತ್ತಂತೆ," ಎಂದ. ಬಸ್ಸಿನಲ್ಲಿ ಎರಡು ಗಂಟೆ ಕಿಟಕಿಯಾಚೆ ನೋಡಿಕೊಂಡು ಕೂತ. ನಡುವೆ ಒಮ್ಮೆ, "ನಿಮ್ಮಮ್ಮನಿಗೆ ಈಗ ವಯಸ್ಸೆಷ್ಟು?" ಎಂದು ಕೇಳಿದ. ಅರುವತ್ತನಾಲ್ಕು ಎಂದಳು. ಆಗಲೇ ಅಮ್ಮನ ಬೆನ್ನು ಬಾಗತೊಡಗಿತ್ತು.

ಅದಾದ ತಿಂಗಳಿಗೆ ಅಪ್ಪ ದೇಹದಾನದ ಕಾಗದಕ್ಕೆ ಸಹಿ ಹಾಕಿದ.

ಅದೇ ಮಳೆಗಾಲದ ಒಂದು ಬೆಳಗ್ಗೆ, ಅಮ್ಮ ಗದ್ದೆಯ ಕಡೆ ಹೋದ ಮೇಲೆ, ಪಿಕುನ್ ಹಿತ್ತಲಿಗೆ ಬಂದು ನಿಂತುಬಿಟ್ಟಳು. ಅಪ್ಪ ಶಾವಿಗೆಯ ಹಿಟ್ಟು ರುಬ್ಬುವ ಕಲ್ಲನ್ನು ಎದೆಯ ಮಟ್ಟಕ್ಕೆ ಎತ್ತಿ ನಿಂತಿದ್ದ. ಇಬ್ಬರು ಗಂಡಸರು ಸೇರಿ ಸರಿಸುತ್ತಿದ್ದ ಕಲ್ಲು. ತೋಳು ನಡುಗುತ್ತಿತ್ತು, ಬೆನ್ನು ನೆಟ್ಟಗಿತ್ತು. ಬಹಳ ಹೊತ್ತು ಹಾಗೆಯೇ ನಿಂತಿದ್ದ. ಬೇಲಿಯಾಚೆ ಅಮ್ಮನ ಕೆಮ್ಮು ಕೇಳಿದಾಗ ಸದ್ದಾಗದಂತೆ ಕೆಳಗಿಟ್ಟ. ಕೂತ. ಬಿದಿರ ಸೀಳು ಕೈಗೆತ್ತಿಕೊಂಡ.

"ಅಪ್ಪಾ, ಏನ್ ಮಾಡ್ತಿದ್ದೆ ನೀನು!"

"ನಿಮ್ಮಮ್ಮನಿಗೆ ಹೇಳಬೇಡ."

ಮುದುಕರ ಹುಚ್ಚು ಹಟ ಎಂದುಕೊಂಡಿದ್ದಳು ಪಿಕುನ್. ಅಮ್ಮ ಒಳಗೆ ಬಂದು ಹೆಗಲ ಅಡ್ಡೆ ಇಳಿಸುವಾಗ ಅಪ್ಪ ಅವಳನ್ನು ನೋಡಿದ ರೀತಿಯ ಅರ್ಥ ಮಗಳಿಗೆ ಆಗ ತಿಳಿದಿರಲಿಲ್ಲ.

*

ಭಿಕ್ಷುಗಳು ಪಾಲಿ ಭಾಷೆಯ ಮಂತ್ರ ಮುಗಿಸಿ ಎದ್ದರು. ಅನ್ನ, ಹುರಿದ ಮೀನು ಎಲ್ಲರಿಗೂ ಹಂಚಿ ಆಗಿತ್ತು. ಪಿಕುನ್ ಅಮ್ಮನ ಪಕ್ಕದಲ್ಲಿ ಕೂತಿದ್ದಳು. ಪಟ್ಟಿಯ ಕೆಳಗೆ ಬೆವರಿಳಿಯುತ್ತಿತ್ತು. ಈಗಲೇ ಎದ್ದು ಅದನ್ನು ಬಿಚ್ಚಿ ಎಸೆಯಬೇಕು, ಈ ಜಗಲಿಯ ಮೇಲೆ ಏನಾದರೂ ಭಾರವಾದದ್ದು ಹುಡುಕಿ ಎಲ್ಲರ ಕಣ್ಣೆದುರು ಎತ್ತಬೇಕು ಅನ್ನಿಸಿತು. ಎತ್ತಿದರೆ ಅಮ್ಮ ಕಾರಣ ಕೇಳುತ್ತಾಳೆ. ಕೇಳಿದರೆ ಹೇಳಬೇಕು.

"ಮಗಳೇ, ಇಲ್ಲಿ ಬಾ," ಅಮ್ಮ ಕತ್ತು ಓರೆ ಮಾಡಿ ನಿಚಾಳನ್ನು ಕರೆದಳು. ಜಗಲಿಯ ಮಾತು ತಗ್ಗಿತು. "ಆ ಮೂಳೆ ನೋಡಿದ್ಯಾ ನೀನು? ಹೆಚ್ಚಿನದು?"

"ನೋಡಿದೆ ಅಜ್ಜಿ."

"ಹೇಗಿತ್ತು? ಮುರಿಯೋ ಹಾಗಿತ್ತಾ? ನಾನು ಅವನಿಗೆ ಒಂದು ಚೊಂಬು ನೀರು ಎತ್ತೋಕೆ ಬಿಡಲಿಲ್ಲ. ನಲವತ್ತಮೂರು ವರ್ಷ. ಇವರೆಲ್ಲ ಆಡಿಕೊಂಡ್ರು. ಈ ಬುನ್ಮಾ ಇವತ್ತೂ ಆಡಿದ. ಹೇಳು ಇವರಿಗೆ."

ನಿಚಾ ಬಾಯಿ ತೆರೆದಳು. ಬುನ್ಮಾ ಮುಂದಕ್ಕೆ ಬಾಗಿದ. ಬುವಾ ಅತ್ತೆ ಅಗಿಯುವುದನ್ನು ನಿಲ್ಲಿಸಿದಳು.

ಅಮ್ಮನ ಕೈ ನೆಲದ ಮೇಲಿತ್ತು. ಬೆರಳುಗಳ ಗಂಟು ಶುಂಠಿಯಂತೆ ಊದಿತ್ತು. ಹೆಗಲ ಮೇಲೆ ಅಡ್ಡೆ ಕೂತು ಕೂತು ಎದ್ದಿದ್ದ ಜಡ್ಡು ರವಿಕೆಯ ಅಂಚಿನಲ್ಲಿ ಕಾಣುತ್ತಿತ್ತು.

"ನೋಡಿದಾಳಂತೆ ಅಮ್ಮ," ಪಿಕುನ್ ಅಂದಳು. ಅವಳ ದನಿ ಅವಳಿಗೇ ಜೋರಾಗಿ ಕೇಳಿತು. "ನನಗೆ ಆಗಲೇ ಹೇಳಿದ್ಲು. ತುಂಬಾ ಸೂಕ್ಷ್ಮವಾಗಿತ್ತಂತೆ. ಒಂದು ಸಲ ಭಾರ ಬಿದ್ದಿದ್ರೂ ಹೋಗ್ತಿತ್ತಂತೆ. ನೀನು ಕಾಪಾಡಿದ್ದಕ್ಕೆ ಉಳೀತು ಅಂತ ಅವರ ಪ್ರೊಫೆಸರ್ ಕೂಡ ಅಂದ್ರಂತೆ."

ನಿಚಾ ಅವಳ ಕಡೆ ತಿರುಗಿದಳು. ಪಿಕುನ್ ಕಣ್ಣು ಕದಲಿಸಲಿಲ್ಲ.

"ಹೌದಜ್ಜಿ," ಅಂದಳು ಹುಡುಗಿ, ಮೆಲ್ಲಗೆ.

ಬುನ್ಮಾ ಗೋಡೆಗೆ ಒರಗಿಕೊಂಡ. "ನನಗೇನು ಗೊತ್ತಿತ್ತು ಲಮೈ," ಎಂದ. ಅಮ್ಮನ ಬಾಗಿದ ಬೆನ್ನು ಉಸಿರೆಳೆದುಕೊಂಡು ಒಮ್ಮೆ ಏರಿ ಇಳಿಯಿತು. ಆಮೇಲೆ ಮಗಳ ಮೊಣಕಾಲು ತಟ್ಟಿದಳು.

"ಕೇಳಿಸ್ಕೊಂಡ್ಯಾ? ಒಂದು ಸಲ ಭಾರ ಬಿದ್ರೂ ಹೋಗುತ್ತೆ. ನಾನು ಸತ್ತ ಮೇಲೆ ನೀನು ಮೈಮರೀಬೇಡ."

"ಇಲ್ಲಮ್ಮ."

ಮಧ್ಯಾಹ್ನ ಪೆಟ್ಟಿಗೆ ಎತ್ತಿದರು. ಎಂಟು ವಿದ್ಯಾರ್ಥಿಗಳು ಹೆಗಲು ಕೊಟ್ಟು ದಹನಮಂಟಪವನ್ನು ಎಡಕ್ಕೆ ಮೂರು ಸುತ್ತು ಬಂದರು. ಬಿಸಿಲಿಗೆ ಸಿಮೆಂಟು ಕಾದಿತ್ತು. ಪೆಟ್ಟಿಗೆಯನ್ನು ಮೇಲಕ್ಕೆ ಒಯ್ದು ಕುಲುಮೆಯ ಬಾಯಿಗೆ ಇಟ್ಟ ಮೇಲೆ ಉಳಿದದ್ದು ಹೂವಿಡುವ ಶಾಸ್ತ್ರ. ಗಂಧದ ಚಕ್ಕೆಯಲ್ಲಿ ಮಾಡಿದ ಹೂವನ್ನು ಒಬ್ಬೊಬ್ಬರೂ ಹಿಡಿದು ಹತ್ತೊಂಬತ್ತು ಮೆಟ್ಟಿಲು ಹತ್ತಿ ಪೆಟ್ಟಿಗೆಯ ಮೇಲಿಡಬೇಕು. ಮೊದಲ ಹೂವು ಹೆಂಡತಿಯದು.

ಅಮ್ಮ ಎರಡನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಬಾಗಿದ ದೇಹ ಮುಂದಿನ ಮೆಟ್ಟಿಲಿನ ಮೇಲೆ ಬೀಳುವಂತಿತ್ತು. ಪಿಕುನ್ ಅವಳ ಹಿಂದೆಯೇ ಇದ್ದಳು. ಅಮ್ಮನ ತೂಕ ಮೂವತ್ತಾರು ಕಿಲೋ, ಹೋದ ತಿಂಗಳು ಆಸ್ಪತ್ರೆಯಲ್ಲಿ ತೂಗಿದ್ದರು. ಬಗ್ಗಿ ಒಂದು ತೋಳು ಮೊಣಕಾಲ ಕೆಳಗೆ, ಒಂದು ತೋಳು ಬೆನ್ನ ಹಿಂದೆ. ಅಷ್ಟೇ. ಪಿಕುನ್‌ಳ ಕೈಗಳು ಮುಂದೆ ಬಂದವು.

"ಏಯ್! ನೀನಲ್ಲ!" ಅಮ್ಮ ಹಿಂದಕ್ಕೆ ನೋಡಲಾರದೆಯೂ ಗದರಿದಳು. "ಈಗ ತಾನೇ ಏನು ಹೇಳಿದ್ರು? ಆ ಹುಡುಗರನ್ನ ಕರಿ."

ಪಿಕುನ್ ಕೈ ಇಳಿಸಿದಳು. ಇಬ್ಬರು ವಿದ್ಯಾರ್ಥಿಗಳು ಓಡಿಬಂದು ಅಮ್ಮನನ್ನು ಮಗುವಿನಂತೆ ಎತ್ತಿಕೊಂಡು ಹೋದರು. ಅವರಿಗೆ ಅದು ಭಾರವೇ ಆಗಿರಲಿಲ್ಲ. ಮೇಲೆ ತಲುಪಿದ ಅಮ್ಮ ಅವರ ತೋಳಿನಲ್ಲಿದ್ದುಕೊಂಡೇ, ಎಷ್ಟೋ ವರ್ಷಗಳ ಮೇಲೆ ಎತ್ತರದಿಂದ ಮಗಳನ್ನು ನೋಡಿದಳು.

"ನಿಧಾನ ಕಣೇ! ಕಂಬಿ ಹಿಡ್ಕೊ! ಒಂದೊಂದೇ ಮೆಟ್ಟಿಲು!"

ಕೆಳಗೆ ಜನ ಸಾಲಾಗಿ ಕಾಯುತ್ತಿದ್ದರು. ಪಿಕುನ್ ಕಂಬಿ ಹಿಡಿದಳು. ಬಲಗಾಲು ಮೇಲಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ತಂದು ನಿಂತಳು. ಮತ್ತೆ ಬಲಗಾಲು. ನಾಲ್ಕನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಮೇಲಿನಿಂದ ನಿಚಾ ಸರಸರನೆ ಇಳಿದು ಬಂದಳು. ಒಮ್ಮೆ ಮೇಲೆ ಅಜ್ಜಿಯತ್ತ ನೋಡಿದಳು. ಪಿಕುನ್‌ಳ ಇನ್ನೊಂದು ಪಕ್ಕಕ್ಕೆ ಬಂದು ಮೊಣಕೈ ಹಿಡಿದುಕೊಂಡಳು. ಹಿಡಿತದಲ್ಲಿ ಭಾರವಿರಲಿಲ್ಲ.

ಬಲಗಾಲು. ಎಡಗಾಲು. ಇಪ್ಪತ್ತರ ಹುಡುಗಿಯೂ ಅದೇ ಲೆಕ್ಕಕ್ಕೆ ಹೆಜ್ಜೆ ಹಾಕಿದಳು. ಒಂದೊಂದು ಮೆಟ್ಟಿಲಿಗೂ ನಿಂತು, ಉಸಿರು ತೆಗೆದುಕೊಂಡು, ಇಬ್ಬರೂ ಮುದುಕಿಯರ ಹಾಗೆ ಮೇಲಕ್ಕೆ ಹೋದರು.